ಮುಚ್ಚಳ ತೆಗೆಯುವ ಗಿರಾಕಿಗಳು

ನಾನು ವಿಜ್ಞಾನದ ಶಿಬಿರಕ್ಕೆ ಹೋದದ್ದು ವಿಜ್ಞಾನಕ್ಕಾಗಿ ಅಲ್ಲ, ಭಾನುವಾರ ಮಧ್ಯಾಹ್ನ ಕೋಳಿ ಇದೆ ಎಂದು ಕೇಳಿ. ಇದನ್ನು ಈಗ ಹೇಳಲು ನನಗೆ ನಾಚಿಕೆಯಿಲ್ಲ, ಆಗ ಸಂದರ್ಶನದಲ್ಲೂ ಇದನ್ನೇ ಹೇಳಿದ್ದೆ. "ನಿನಗ್ಯಾಕೆ ಇಲ್ಲಿಗೆ ಬರಬೇಕು ಅನ್ನಿಸ್ತು?" ಎಂದು ಕೇಳಿದ ಮೇಡಂ ನನ್ನ ಉತ್ತರವನ್ನು ಬರೆದುಕೊಂಡು, "ಬೆಳಿಗ್ಗೆಯಿಂದ ನಿಜ ಹೇಳಿದವನು ಇವನೊಬ್ಬನೇ" ಎಂದು ಪಕ್ಕದವರಿಗೆ ತೋರಿಸಿದರು. ಹಾಗೆ ನಾನು ಆಯ್ಕೆಯಾದೆ.

ಹತ್ತನೇ ಕ್ಲಾಸಿನ ಗಣಿತವೆಂದರೆ ನನಗೆ ಬಿಡಲಾರದ ನಂಟು. ಆ ಪರೀಕ್ಷೆಯನ್ನು ಎರಡು ಸಲ ಬರೆದಿದ್ದೇನೆ. ಅಷ್ಟರಲ್ಲಿ ಒಂದು ಕ್ಲಾಸು ಹಿಂದಿದ್ದ ತಂಗಿ, ಎಂದರೆ ಅಮ್ಮನ ತಂಗಿಯ ಮಗಳು, ಬಂದು ನನ್ನನ್ನು ಹಿಡಿದಳು. ಇಬ್ಬರೂ ಒಟ್ಟಿಗೇ ಪಾಸಾದೆವು. ಅವಳು ಶಾಲೆಗೇ ಮೊದಲು. ನನ್ನದನ್ನು ಹೆಡ್‌ಮಾಸ್ಟರು "ದೇವರ ದಯೆ" ಎಂದು ಎರಡೇ ಮಾತಿನಲ್ಲಿ ಮುಗಿಸಿದರು.

ಶಿಬಿರದ ನೋಟಿಸು ಶಾಲೆಯ ಗೋಡೆಯ ಮೇಲಿತ್ತು. ವಿಶ್ವವಿದ್ಯಾಲಯವೊಂದು ಬ್ರಹ್ಮಾವರದ ಹತ್ತಿರದ ತನ್ನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೇ ತಿಂಗಳಲ್ಲಿ ಹದಿನೈದು ದಿನ ಮಕ್ಕಳನ್ನು ಉಳಿಸಿಕೊಂಡು ವಿಜ್ಞಾನ ಕಲಿಸುತ್ತದಂತೆ. ಸರ್ಕಾರಿ ಶಾಲೆಯ, ಮನೆಯಲ್ಲಿ ಯಾರೂ ಕಾಲೇಜು ಓದದ ಮಕ್ಕಳು ಅರ್ಜಿ ಹಾಕಬಹುದು, ಹೆಣ್ಣುಮಕ್ಕಳಿಗೆ ಮೊದಲ ಆದ್ಯತೆ. ಓದಿ ನನಗೆ ನಗು ಬಂತು. ಕಿರಿಮಂಜೇಶ್ವರದ ಕಡಲ ಬದಿಯಲ್ಲಿ ಹುಟ್ಟಿದ್ದೇ ಒಂದು ಅರ್ಹತೆಯಾಯಿತಲ್ಲ! ನಮ್ಮ ಕುಟುಂಬದಲ್ಲಿ ಕಾಲೇಜು ಕಂಡವರೆಂದರೆ ಹಾಸ್ಟೆಲಿನ ಅಡುಗೆಮನೆಗೆ ಮೀನು ಕೊಡಲು ಹೋಗಿದ್ದ ಚಿಕ್ಕಮ್ಮ ಒಬ್ಬರೇ.

ಈ ಚಿಕ್ಕಮ್ಮನೇ ತಂಗಿಯ ತಾಯಿ. ಬೈಂದೂರಿನ ಮಾರ್ಕೆಟ್ಟಿನಲ್ಲಿ ಮೀನು ಮಾರುವವರು. ಚಿಕ್ಕಪ್ಪ ಬೋಟಿನ ಮೇಲೆ ಇರುವುದೇ ಹೆಚ್ಚು, ಹಾಗಾಗಿ ಮನೆಯ ತೀರ್ಮಾನವೆಲ್ಲ ಚಿಕ್ಕಮ್ಮನದು. ತಂಗಿಗೆ ಕುಂದಾಪುರದ ಕಾಲೇಜಿನಲ್ಲಿ ಸೈನ್ಸ್ ಓದುವ ಆಸೆ. ಚಿಕ್ಕಮ್ಮ ಆಗಲೇ ಮನೆಗೆ ಹತ್ತಿರದ ಕಾಲೇಜಿನಿಂದ ಆರ್ಟ್ಸ್ ಫಾರಂ ತಂದು, ಪಕ್ಕದ ಮನೆಯವರಿಂದ ತುಂಬಿಸಿ ಇಟ್ಟಿದ್ದರು. ಸಹಿಯೊಂದು ಬಾಕಿ.

"ಸಯನ್ಸ್ ಕಲ್ತ್ ಎಂತ ಮಾಡುಕಿತ್ತ್?" ಎಂದು ಚಿಕ್ಕಮ್ಮ ಕೇಳಿದರು. "ಸಮುದ್ರದ್ ನೀರಂಗೆ ಉಪ್ಪ್ ಎಷ್ಟ್ ಇತ್ತಂದ್ ಲೆಕ್ಕ ಹಾಕುಕಾ? ಅದ್ ನಂಗೂ ಗೊತ್ತಿತ್ತ್. ಸುಮಾರ್ ಇತ್ತ್."

ತಂಗಿ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಚಿಕ್ಕಮ್ಮ ಇಷ್ಟಕ್ಕೆ ಒಪ್ಪಿದರು: "ಶಿಬಿರಕ್ ಹೋಯ್ ಬಾ. ಅಣ್ಣ ಇದ್ದ ಅಂದೇಳಿ ಕಳಸ್ತೆ. ಕಡಿ ದಿನ ನಾನೇ ಬಂದ್ ಕಾಣ್ತೆ, ಅಲ್ಲಿ ಎಂತ ಕಲಸ್ತ್ರ್ ಅಂದ್. ಸಮ ಕಂಡ್ರೆ ಸಯನ್ಸ್. ಇಲ್ದಿರೆ ಬಾಯ್ ಮುಚ್ಕಂಡ್ ಈ ಫಾರಂ."

ಅಂದರೆ ನಾನು ಅವಳ ಗೇಟ್ ಪಾಸು. ನನ್ನನ್ನು ಶಿಬಿರದಿಂದ ಓಡಿಸಿದರೆ ಅವಳೂ ಗಂಟುಮೂಟೆ ಕಟ್ಟಬೇಕು. ಊರಿನಲ್ಲಿ ನಾನು ಅಣಕಿಸದ ಮನುಷ್ಯ ಉಳಿದಿರಲಿಲ್ಲ: ಬಸ್ಸಿನ ಕಂಡಕ್ಟರು, ಬಂದರಿನಲ್ಲಿ ಮೀನು ಏಲಂ ಕೂಗುವವರು, ಭಾಷಣದ ಮಧ್ಯೆ ಕೆಮ್ಮುವ ಹೆಡ್‌ಮಾಸ್ಟರು, ಯಾರೂ ಸಿಗದಿದ್ದರೆ ಗಣಿತದ ಪ್ರಶ್ನೆಪತ್ರಿಕೆ ಕಂಡ ನಾನೇ. ಹೊರಡುವಾಗ ಅಮ್ಮ ನನಗೆ ಬಟ್ಟೆ ಸೋಪಿಗಿಂತ ಮೊದಲು ಕೊಟ್ಟದ್ದು ಒಂದು ಮಾತು. "ಹದ್ನೈದ್ ದಿನ ನಿನ್ ಬಾಯಿಗ್ ರಜೆ ಕೊಡ್, ಮಗಾ."

ಮೊದಲ ದಿನ ನಾವು ಮೂವತ್ತು ಮಕ್ಕಳು ಲ್ಯಾಬಿನ ಬಾಗಿಲಲ್ಲಿ ಚಪ್ಪಲಿಯನ್ನು ಸಾಲಾಗಿ ಬಿಟ್ಟು ಒಳಗೆ ಹೋದೆವು. ಯಾರೂ ಹೇಳಿರಲಿಲ್ಲ. ಒಳಗೆ ಅಷ್ಟು ತಣ್ಣಗಿತ್ತು, ನೆಲ ಅಷ್ಟು ಹೊಳೆಯುತ್ತಿತ್ತು, ಎದುರಿಗೆ ಅಟೆಂಡರು ಕೈಕಟ್ಟಿ ನಿಂತಿದ್ದರು. ನಾವೂ ಕೈಕಟ್ಟಿ ನಿಂತೆವು. ತೀರ್ಥ ಬಂದಿದ್ದರೆ ತಗೊಳ್ಳುತ್ತಿದ್ದೆವು.

"ಹ್ವಾಯ್, ಇದ್ ದೇವಸ್ಥಾನ ಅಲ್ಲ ಮಕ್ಳೆ!" ಎಂದರು ಅಟೆಂಡರು. "ಲ್ಯಾಬಿಗ್ ಬರಿ ಕಾಲಂಗೆ ಬಪ್ಪುಕಾಗ. ಗಾಜ್ ಗೀಜ್ ಬಿದ್ದಿರತ್ತ್. ಚಪ್ಲಿ ಹಾಕ್ಕಣಿ."

ಅವರು ಸಾಲಿಗ್ರಾಮದ ಕಡೆಯವರು, ಮನೆತನದ್ದೇ ದೇವಸ್ಥಾನದ ಸೇವೆ. ಇವರ ಅಣ್ಣ ದೇವರ ಪಾತ್ರೆ ತೊಳೆದರೆ ಇವರು ಬೀಕರು ತೊಳೆಯುತ್ತಿದ್ದರು, ಶ್ರದ್ಧೆ ಮಾತ್ರ ಒಂದೇ. ಚಪ್ಪಲಿ ಹಾಕಿದೆವು, ಆದರೆ ಭಯ ಹೋಗಲಿಲ್ಲ. ಒಂದು ವಾರ ನಾವು ಯಾವುದನ್ನೂ ಎರಡು ಬೆರಳಿಗಿಂತ ಹೆಚ್ಚು ಬೆರಳಿನಿಂದ ಮುಟ್ಟಲಿಲ್ಲ. ಒಮ್ಮೆ ಹಚ್ಚಿದ ಸ್ವಿಚ್ಚನ್ನು ಆರಿಸಲೂ ಅಟೆಂಡರನ್ನು ಕರೆಯುತ್ತಿದ್ದೆವು.

ನನ್ನ ಬಾಯಿಯ ರಜೆ ಮೂರನೇ ದಿನಕ್ಕೆ ಮುಗಿಯಿತು. ಶಿಬಿರ ನಡೆಸುತ್ತಿದ್ದದ್ದು ಸಂದರ್ಶನ ಮಾಡಿದ ಆ ಮೇಡಮ್ಮೇ, ಮಂಡ್ಯದ ಕಡೆಯವರು. ಚಹಾದ ಹೊತ್ತಿಗೆ ನಾನು ದುಪಟ್ಟಾದ ಬದಲು ಟವೆಲ್ ಹಾಕಿಕೊಂಡು ಅವರ ಹಾಗೆ ಶುರುಮಾಡಿದೆ: "ನೋಡ್ರೋ ಮಕ್ಕಳಾ, ತಪ್ಪು ಮಾಡಿ. ಬೇಡ ಅನ್ನಲ್ಲ. ಆದ್ರೆ ದಿನಾ ಹೊಸಾ ತಪ್ಪು ಮಾಡಿ ಕಣ್ರೋ, ಹಳೇದನ್ನೇ ತಂದು ನನ್ ತಲೆ ತಿನ್ಬೇಡಿ!" ಎಡಗೈಯಿಂದ ಇಲ್ಲದ ಕನ್ನಡಕವನ್ನು ಹಣೆಗೆ ಏರಿಸಿದೆ. ಎಲ್ಲರೂ ನಕ್ಕರು, ಆಮೇಲೆ ಎಲ್ಲರೂ ಒಟ್ಟಿಗೇ ನಿಲ್ಲಿಸಿದರು. ತಂಗಿಯ ಮುಖ ಸುಣ್ಣ ಬಳಿದಂತಾಗಿತ್ತು. ಹಿಂದೆ ತಿರುಗಿದರೆ ಮೇಡಂ.

"ನಾನು ಕನ್ನಡಕ ಎಡಗೈಯಲ್ಲಿ ಎತ್ತೋದಿಲ್ಲ" ಎಂದರು.

ಸುಮ್ಮನೆ ತಪ್ಪಾಯಿತು ಎನ್ನಬಹುದಿತ್ತು. ಬಾಯಿ ಕೇಳಬೇಕಲ್ಲ. "ಉತ್ತರ ಸರಿಯಿದ್ರೆ ಬಲಗೈ ಮೇಡಂ. ತಪ್ಪಿದ್ರೆ ಎಡಗೈ" ಎಂದೆ.

ಅವರು ಚಹಾದ ಲೋಟ ಎತ್ತಿಕೊಂಡು ಹೋದರು. ಮಧ್ಯಾಹ್ನದ ಕ್ಲಾಸಿನಲ್ಲಿ ಯಾರೋ ತಪ್ಪು ಉತ್ತರ ಹೇಳಿದರು. ಮೇಡಂನ ಎಡಗೈ ಅರ್ಧ ಮೇಲೆ ಬಂದು ಗಾಳಿಯಲ್ಲಿ ನಿಂತಿತು. ಅವರು ಕೈ ನೋಡಿದರು, ನನ್ನನ್ನು ನೋಡಿದರು, ನಕ್ಕುಬಿಟ್ಟರು. ನಾನು ಉಳಿದುಕೊಂಡೆ. ಆದರೆ ಸಂಜೆ ತಂಗಿ ನನ್ನ ತೋಳು ಚಿವುಟಿದ್ದು ಎರಡು ದಿನ ನೀಲಿಯಾಗಿತ್ತು.

"ಇನ್ನೊಂದ್ಸಲ ಮಾಡಿರೆ ಕಾಣ್! ನಿನ್ನ ಓಡ್ಸಿರೆ ನಾನೂ ಹೋಪ್ದೇ. ಮನ್ಯಂಗೆ ಆ ಫಾರಂ ಕಾಯ್ತಾ ಇತ್ತ್, ನೆನಪಿತ್ತಲ್ದಾ?"

ಮರುದಿನ ಮೇಡಂ ನಮ್ಮನ್ನು ತಂಡಗಳಾಗಿ ಮಾಡಿದರು. ನಾನು, ತಂಗಿ, ಬಿಜೂರಿನ ಗದ್ದೆಮನೆಯ ಹುಡುಗನೊಬ್ಬ. "ನಿಮ್ಮನೇಲಿ ಯಾರು ಯಾವುದಕ್ಕೆ ದಿನಾ ಬಯ್ತಾರೆ, ಬರೀರಿ. ಅದೇ ನಿಮ್ಮ ಪ್ರಾಜೆಕ್ಟು" ಎಂದರು. ಬಿಜೂರಿನವನು, ಅಜ್ಜಿ ಗದ್ದೆಗೆ ಬರುವ ನವಿಲಿಗೆ ಬಯ್ಯುತ್ತಾಳೆ ಎಂದು ಬರೆದ. ನಾನು, ಅಮ್ಮ ನನಗೆ ಬಯ್ಯುತ್ತಾಳೆ ಎಂದು ಬರೆದೆ. ತಂಗಿ ಬರೆದಳು: ಅಮ್ಮ ಐಸಿಗೆ ಬಯ್ಯುತ್ತಾಳೆ. ಬೆಳಿಗ್ಗೆ ಬಂದರಿನಲ್ಲಿ ಹಾಕಿಸಿಕೊಂಡ ಐಸು ಹತ್ತು ಗಂಟೆಗೆ ನೀರು, ಆಮೇಲೆ ಮೀನು ಮೆತ್ತಗಾಗುತ್ತದೆ, ಮೀನು ಮೆತ್ತಗಾದಂತೆ ಅಮ್ಮ ಗಟ್ಟಿಯಾಗುತ್ತಾಳೆ.

ಮೇಡಂನ ಬಲಗೈ ಕನ್ನಡಕಕ್ಕೆ ಹೋಯಿತು.

ಹೀಗೆ ನಮ್ಮ ಐಸ್ ಪೆಟ್ಟಿಗೆ ಶುರುವಾಯಿತು. ಪೆಟ್ಟಿಗೆಯೊಳಗೊಂದು ಪೆಟ್ಟಿಗೆ, ನಡುವಿನ ಜಾಗಕ್ಕೆ ಏನು ತುಂಬುವುದು? ಥರ್ಮಾಕೋಲ್, ತೆಂಗಿನ ನಾರು, ಬಟ್ಟೆ ಎಲ್ಲ ನೋಡಿದೆವು. ಕೊನೆಗೆ ಗೆದ್ದದ್ದು ಬಿಜೂರಿನವನು ರೈಸ್ ಮಿಲ್ಲಿನಿಂದ ತರಿಸಿದ ಭತ್ತದ ಉಮಿ. ಪೆಟ್ಟಿಗೆಯೊಳಗೆ ಐಸು, ಬಂಗಡೆ ಮೀನು, ಅದರ ನಡುವೆ ಉಷ್ಣತೆ ಅಳೆಯುವ ವಯರು. ಮೀನನ್ನು ಲ್ಯಾಬಿಗೆ ತಂದ ದಿನ ಸಸ್ಯಾಹಾರಿ ಅಟೆಂಡರು ಮೂಗಿಗೆ ಶಾಲು ಕಟ್ಟಿಕೊಂಡರು. ಮೀನು ಎಂಬ ಶಬ್ದವನ್ನೂ ಬಾಯಲ್ಲಿ ಆಡಲಿಲ್ಲ. "ಆ ಪದಾರ್ಥದ್ ಟೆಂಪರೇಚರ್ ಬರ್ಕಂಡ್ರ್ಯಾ?" ಎಂದು ದೂರದಿಂದಲೇ ಕೇಳುತ್ತಿದ್ದರು.

ಬೆಳಿಗ್ಗೆ ಎಂಟಕ್ಕೆ ಮುಚ್ಚಳ ಹಾಕಿ, ಸುತ್ತ ಟೇಪು ಅಂಟಿಸಿದೆವು. ಮಧ್ಯಾಹ್ನ ಎರಡಕ್ಕೆ ತೆಗೆದರೆ ಐಸು ಹಾಗೇ ಇತ್ತು! ಗ್ರಾಫಿನ ಗೆರೆ ಕಡಲ ಅಂಚಿನ ಹಾಗೆ ನೇರ. ತಂಗಿ ಆ ಗ್ರಾಫನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದಳು ಎಂದು ಅವಳ ರೂಮಿನ ಹುಡುಗಿಯರು ಹೇಳಿದರು.

ಎರಡನೇ ಶನಿವಾರ, ಮಾಡಿದ್ದನ್ನು ಮನೆಗೆ ಕೊಂಡುಹೋಗಿ ಪರೀಕ್ಷಿಸಿ ಎಂದು ಎಲ್ಲ ತಂಡಗಳನ್ನೂ ಕಳಿಸಿದರು. ಆ ಭಾನುವಾರದ ಕೋಳಿ ನನಗೆ ತಪ್ಪಿತು. ವಿಜ್ಞಾನಕ್ಕಾಗಿ ನಾನು ಮಾಡಿದ ಮೊದಲ ತ್ಯಾಗ ಅದು. ಬಸ್ಸಿನಲ್ಲಿ ಕಂಡಕ್ಟರು ಪೆಟ್ಟಿಗೆಯನ್ನು ಕಾಲಿನಿಂದ ಮುಟ್ಟಿ ಕೇಳಿದರು. "ಇದ್ರೊಳ್ಗ್ ಎಂತ ಇತ್ತ್?"

"ವಿಜ್ಞಾನ" ಎಂದೆ.

"ವಿಜ್ಞಾನ ಬಾಗ್ಲಂಗೆ ಇಡುಕಾಗ ಮಾರಾಯ. ಹಿಂದಿನ್ ಸೀಟಿಗ್ ತಕಂಡ್ ಹೋಗ್."

ಭಾನುವಾರ ಬೆಳಿಗ್ಗೆ ಚಿಕ್ಕಮ್ಮ ಮಾರ್ಕೆಟ್ಟಿನಲ್ಲಿ ತಮ್ಮ ಜಾಗದಲ್ಲಿ ಕೂತು, ಬುಟ್ಟಿಯ ಬದಲು ನಮ್ಮ ಪೆಟ್ಟಿಗೆ ಇಟ್ಟುಕೊಂಡರು. ಭಾನುವಾರವಾದ್ದರಿಂದ ಜನ ಜಾಸ್ತಿ. ತಂಗಿ ಪಕ್ಕದಲ್ಲಿ ಪುಸ್ತಕ ಹಿಡಿದು ನಿಂತಿದ್ದಳು. ಒಂಬತ್ತೂವರೆಗೆ ಐಸು ಅರ್ಧ. ಹತ್ತೂ ಕಾಲಿಗೆ ಪೂರ್ತಿ ನೀರು. ಹಳೆಯ ಬುಟ್ಟಿಗಿಂತ ಬರೀ ಕಾಲು ಗಂಟೆ ಹೆಚ್ಚು ಬಂತು, ಅಷ್ಟೇ. ಚಿಕ್ಕಮ್ಮ ಪೆಟ್ಟಿಗೆ ವಾಲಿಸಿ ಆ ನೀರನ್ನು ಚರಂಡಿಗೆ ಚೆಲ್ಲಿದರು.

"ಹತ್ ದಿನ ಅಲ್ಲಿ ಕೂಕಂಡ್ ಮಾಡದ್ದ್ ಇದಾ?" ಎಂದರು. ಬೈದಿದ್ದರೆ ಒಳ್ಳೆಯದಿತ್ತು. ಬಯ್ಯಲಿಲ್ಲ, ಮೆಲ್ಲಗೆ ಹೇಳಿದರು. "ಬ್ಯಾಜಾರ್ ಮಾಡ್ಕಣ್ಬೇಡ ಹೆಣ್ಣೆ. ಇದೆಲ್ಲ ನಮ್ಗ್ ಹೇಳದ್ದಲ್ಲ. ಮಾತ್ ಕೊಟ್ಟದ್ದಕ್ ಶನಿವಾರ ಬತ್ತೆ. ಫಾರಂ ತಕಂಡೇ ಬತ್ತೆ. ಮೇಡಮ್ಮಿನ್ ಎದ್ರಿಗೇ ಸಹಿ ಹಾಕ್ತೆ, ಆಮೇಲ್ ಯಾರ್ದೂ ಮಾತ್ ಬ್ಯಾಡ."

ಸಂಜೆ ವಾಪಸು ಬಸ್ಸಿನಲ್ಲಿ ತಂಗಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿ ನೋಡುತ್ತಿದ್ದಳು. ಅವಳು ಅಳುವ ಜಾತಿಯಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ನನಗೆ ಗೊತ್ತಿರುವ ಔಷಧ ಒಂದೇ. ಬೆಳಿಗ್ಗೆ ಕಂಡ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಅಣಕಿಸಿ ಕರೆದೆ.

ಮೊದಲು ನಿವೃತ್ತ ಮಾಸ್ತರು. ಮುಚ್ಚಳ ಎತ್ತಿ, ಪ್ರತಿ ಬಂಗಡೆಯ ಕಿವಿರು ಬಿಡಿಸಿ, ಒಳಗೆ ಕೆಂಪಿದೆಯೇ ಎಂದು ಉತ್ತರಪತ್ರಿಕೆಯಂತೆ ತಿದ್ದಿ, ಎಲ್ಲರನ್ನೂ ಫೇಲು ಮಾಡಿ, ಬೈಗೆ ಎಂಬ ಅಗ್ಗದ ಸಣ್ಣ ಮೀನು ನಾಲ್ಕೇ ನಾಲ್ಕು ತಗೊಂಡು ಹೋಗುವವರು. ಆಮೇಲೆ ಹೋಟೆಲಿನವರು. ಮುಚ್ಚಳವನ್ನು ಮೊಣಕಾಲಿಗೆ ಆನಿಸಿ, ಫೋನಿನಲ್ಲಿ ಅಡುಗೆಯವನ ಜೊತೆ ಇಡೀ ದಿನದ ಊಟ ನಿರ್ಧರಿಸುವವರು. ಆಮೇಲೆ ಮುಂಬೈಯಿಂದ ರಜೆಗೆ ಬಂದ ಅಕ್ಕ. "ಹಾಂ, ರುಕೋ ರುಕೋ, ಮುಚ್ಬೇಡಿ! ಇವ್ರಿಗ್ ಒಂದ್ ಫೋಟೋ ಕಳ್ಸ್ತೆ. ಅವ್ರ್ ಹೂಂ ಅಂದ್ರೆ ತಕಂತೆ."

ಹಿಂದಿನ ಸೀಟಿನವರೆಲ್ಲ ನಕ್ಕರು. ತಂಗಿ ನಗಲಿಲ್ಲ. ಪೆಟ್ಟಿಗೆಯ ಮೇಲೆ ಎತ್ತಿ ಹಿಡಿದಿದ್ದ ನನ್ನ ಕೈಯನ್ನೇ ನೋಡುತ್ತಿದ್ದಳು.

"ಅಣ್ಣಾ, ಮಾಸ್ತರ್ರನ್ನ್ ಇನ್ನೊಂದ್ಸಲ ಮಾಡ್."

ಮಾಡಿದೆ. ಅವಳು ತುಟಿಯೊಳಗೇ ಎಣಿಸುತ್ತಿದ್ದಳು.

"ಮುಚ್ಚಳ ಎಷ್ಟ್ ಹೊತ್ತ್ ತೆಗ್ದೇ ಇತ್ತ್ ಕಾಣ್! ಲ್ಯಾಬಂಗೆ ನಾವ್ ಟೇಪ್ ಹಾಕಿ ಕೂಕಂಡಿತ್. ಒಂದೇ ಒಂದ್ಸಲ ತೆಗ್ದಿತಾ?"

ನನ್ನ ಕೈ ಎತ್ತಿದಲ್ಲೇ ಉಳಿಯಿತು. ಮೀನು ಮಾರುವ ಮನೆಯಲ್ಲೇ ಹುಟ್ಟಿದವರು ನಾವು. ಕಿವಿರು ಎತ್ತಿ ನೋಡದೆ ಮೀನು ಕೊಳ್ಳುವವರನ್ನು ನಾವು ಜನ್ಮದಲ್ಲಿ ಕಂಡಿಲ್ಲ. ಆದರೂ ಲ್ಯಾಬಿಗೆ ಹೋದದ್ದೇ, ಮುಟ್ಟಿದರೆ ಎಲ್ಲಿ ಹಾಳಾಗುತ್ತದೋ ಎಂಬ ಭಯದಲ್ಲಿ, ಯಾರೂ ಮುಟ್ಟದ ಪೆಟ್ಟಿಗೆಯೊಂದನ್ನು ಮಾಡಿ ಗ್ರಾಫು ಹಿಡಿದು ಕುಣಿದಿದ್ದೆವು. ಇಂಥ ತಪ್ಪು ಪೇಟೆಯ ಮಕ್ಕಳು ಮಾಡಿದರೆ ಕ್ಷಮಿಸಬಹುದಿತ್ತು.

ಸೋಮವಾರ ತಂಗಿ ಮೇಡಂನ ಎದುರು ನಿಂತು, "ನಮ್ಮ ಪರೀಕ್ಷೆ ತಪ್ಪು ಮೇಡಂ. ಗಿರಾಕಿಗಳಿರಲಿಲ್ಲ" ಎಂದಳು.

"ಈಗ ಗಿರಾಕಿಗಳನ್ನ ಎಲ್ಲಿಂದ ತರ್ತೀಯಾ?"

ಅವಳು ನನ್ನ ಕಡೆ ಬೆರಳು ತೋರಿಸಿದಳು. ಮೇಡಂ ನನ್ನನ್ನು ನೋಡಿ, "ಇದು ಹೊಸಾ ತಪ್ಪು ಕಣೇ, ಚೆನ್ನಾಗಿದೆ. ಮಾಡಿ" ಎಂದರು.

ಮಂಗಳವಾರ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬೈಂದೂರು ಮಾರ್ಕೆಟ್ಟಿನ ಅಷ್ಟೂ ಗಿರಾಕಿಗಳು ನಾನೊಬ್ಬನೇ. ಸುಲಭದ ಕೆಲಸ ಎಂದುಕೊಂಡಿದ್ದೆ. ಎರಡನೇ ಗಿರಾಕಿಗೇ ತಂಗಿ ನಿಲ್ಲಿಸಿದಳು.

"ಜಾಸ್ತಿ ಮಾಡ್ಬೇಡ! ಮಾಸ್ತರ್ ಅಷ್ಟ್ ಹೊತ್ತ್ ಹಿಡ್ಕಂತ್ರಿಲ್ಲೆ. ನೀ ಜನ ನಗುಕೆ ಮಾಡ್ತಿದ್ದೆ. ಅವ್ರ್ ಮಾಡುವಷ್ಟೇ ಮಾಡ್."

ಅಣಕಿಸುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ನನ್ನ ಕಸುಬೇ ಒಂದನ್ನು ಒಂದೂವರೆ ಮಾಡುವುದು. ಒಂದನ್ನು ಒಂದೇ ಮಾಡಲು ಕಣ್ಣು ಮುಚ್ಚಿ ಆ ಮನುಷ್ಯನನ್ನು ಮತ್ತೆ ನೆನೆಯಬೇಕಾಯಿತು. ಮಾಸ್ತರು ಕಿವಿರು ಬಿಡಿಸುವಾಗ ಬೆರಳು ಸ್ವಲ್ಪ ನಡುಗುತ್ತಿತ್ತು. ನಾಲ್ಕು ಬೈಗೆಯೆಂದರೆ ಮನೆಯಲ್ಲಿ ಒಬ್ಬರೇ ಇರಬೇಕು. ಅದನ್ನು ನಾನು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ, ನಗು ಬರುವಷ್ಟನ್ನು ಮಾತ್ರ ನೋಡಿದ್ದೆ.

ಗಡಿಯಾರ ಹಿಡಿದವರು ಅಟೆಂಡರು. ಶಾಲು ಮೊದಲು ಮೂಗಿನಿಂದ ಗಲ್ಲಕ್ಕೆ ಇಳಿಯಿತು, ಆಮೇಲೆ ಹೆಗಲಿಗೆ. ಹನ್ನೊಂದರ ಹೊತ್ತಿಗೆ ಇಡೀ ಕಾರಿಡಾರಿಗೆ ಕೇಳುವ ಹಾಗೆ, "ಹೋಟ್ಲಿನವ್ರ್ ಬಂದ್ ಹೋದ್ರ್! ಬಂಗ್ಡಿ ಏಳ್ ಡಿಗ್ರಿ!" ಎಂದು ಕೂಗಿದರು. ಕೂಗಿದ ಮೇಲೆ ತಾನು ಹೇಳಿದ ಶಬ್ದ ನೆನಪಾಗಿ ಒಮ್ಮೆ ಸುತ್ತ ನೋಡಿದರು.

ಮಧ್ಯಾಹ್ನ ಮುಗಿಸುವಾಗ ಗ್ರಾಫು ಗರಗಸದ ಹಲ್ಲಿನಂತಾಗಿತ್ತು. ಬಿಜೂರಿನವನು, ಮುಟ್ಟಬಾರದು ಎಂದು ಒಂದು ಬೋರ್ಡು ಹಾಕಿಬಿಡುವ ಎಂದ. ತಂಗಿ ತಲೆಯಾಡಿಸಿದಳು. "ಮುಟ್ಬೇಡಿ ಅಂದ್ರೆ ಅಮ್ಮನ್ ಹತ್ರ ಯಾರೂ ಬತ್ತ್ರಿಲ್ಲೆ. ಮುಟ್ಟುಕೇ ಅಂದೇಳಿ ನಾಕ್ ಮೀನ್ ಬೇರೆ ಇಡುವ."

ಮೂರು ದಿನದಲ್ಲಿ ಪೆಟ್ಟಿಗೆ ಎರಡಂತಸ್ತಿನದಾಯಿತು. ಮೇಲಿನ ಮುಚ್ಚಳ ಎತ್ತಿದರೆ ಐಸಿನ ಮೇಲೊಂದು ತಟ್ಟೆ, ಅದರಲ್ಲಿ ನೋಡುವ ಮೀನು. ಯಾರು ಬೇಕಾದರೂ ಎತ್ತಲಿ, ಬಿಡಿಸಲಿ, ಫೋಟೋ ತೆಗೆಯಲಿ. ಕೆಳಗೆ ದೊಡ್ಡ ಪೆಟ್ಟಿಗೆ, ಅದರ ಬಾಗಿಲು ಮಾರುವವರ ಕಡೆಗೆ, ತೂಕ ಮಾಡುವಾಗ ಮಾತ್ರ ತೆಗೆಯುವಂಥದ್ದು.

ಶನಿವಾರ ಚಿಕ್ಕಮ್ಮ ಬಂದರು. ಮದುವೆಗೆ ಉಡುವ ಸೀರೆ, ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಿಂದ ಹೊರಗೆ ಇಣುಕುವ ಫಾರಂ. ನಾನು ಸಭಾಂಗಣದಲ್ಲಿ ಗಿರಾಕಿಗಳನ್ನು ಶುರುಮಾಡಿದೆ. ಮಾರುವವರ ಜಾಗದಲ್ಲಿ ತಂಗಿ. ಚಿಕ್ಕಮ್ಮ ಎರಡು ನಿಮಿಷ ಮುಖ ಗಂಟಿಕ್ಕಿ ನೋಡಿದರು. ನಾನು ಹೋಟೆಲಿನವರಾಗಿ ಮುಚ್ಚಳಕ್ಕೆ ಮೊಣಕಾಲು ಕೊಟ್ಟಾಗ ತಡೆಯಲಾಗಲಿಲ್ಲ.

"ಹ್ವಾಯ್!" ಎಂದು ಎದ್ದೇ ಬಂದರು. "ತಕಂಬ್ದಾರೆ ತಕಣಿ, ಫೋನ್ ಮನಿಗ್ ಹೋಯ್ ಮಾಡಿ! ನನ್ ಐಸೆಲ್ಲ ನಿಮ್ ಮಾತಂಗೇ ಕರಗ್ತ್!" ಮಗಳನ್ನು ಪಕ್ಕಕ್ಕೆ ಸರಿಸಿ ತಾವೇ ಕೂತರು. ಆಮೇಲೆ ಅರ್ಧ ಗಂಟೆ ಅಲ್ಲಿ ನಡೆದದ್ದು ಪರೀಕ್ಷೆಯಲ್ಲ, ವ್ಯಾಪಾರ. ಸಭಾಂಗಣ ನಗುತ್ತಿತ್ತು, ಚಿಕ್ಕಮ್ಮ ನಗಲಿಲ್ಲ. ವ್ಯಾಪಾರದಲ್ಲಿ ಅವರು ನಗುವುದಿಲ್ಲ.

ಕೊನೆಗೆ ಕೆಳಗಿನ ಬಾಗಿಲು ತೆಗೆದು ಮೊಣಕೈವರೆಗೆ ಕೈ ಹಾಕಿದರು. ಒಂದು ಬಂಗಡೆ ಎತ್ತಿ ಹೆಬ್ಬೆರಳಿನಿಂದ ಒತ್ತಿದರು. ಆಮೇಲೆ ಕೇಳಿದ್ದು ಪೆಟ್ಟಿಗೆಯ ಬಗ್ಗೆಯಲ್ಲ, ಗೋಡೆಯ ಮೇಲಿದ್ದ ಗ್ರಾಫಿನ ಬಗ್ಗೆ.

"ಇದ್ ಎಂತ ಗೀಟ್? ಇಲ್ಲಿ ಎಂತಕ್ ಇಷ್ಟ್ ಮೇಲ್ ಹೋಯ್ತ್?"

"ಅದ್ ಹಳಿ ಪೆಟ್ಟಿಗಿದ್ ಅಮ್ಮ. ಅಲ್ಲಿ ಹೋಟ್ಲಿನವ್ರ್ ಬಂದದ್ದ್" ಎಂದಳು ತಂಗಿ.

"ಇಲ್ಲಿ?"

"ಮುಂಬೈ ಅಕ್ಕ. ಫೋಟೋ."

ಚಿಕ್ಕಮ್ಮ ಒದ್ದೆ ಬೆರಳನ್ನು ಗ್ರಾಫಿನ ಮೇಲೆ ಹಲ್ಲಿನಿಂದ ಹಲ್ಲಿಗೆ ಸರಿಸುತ್ತ ಹೋದರು. "ಇದ್ ಮಾಸ್ತರ್... ಇದ್ ಮಾಸ್ತರ್ ಅಲ್ದಾ?" ಎಂದು ಒಂದನ್ನು ತಾವೇ ಗುರುತಿಸಿದರು. ತಂಗಿ ಹೌದೆಂದಳು. "ನನ್ ಇಡೀ ಬೆಳಿಗ್ಗೆ ಇಲ್ಲಿ ಬರ್ದ್ ಇಟ್ಟಿದ್ಯಲ್ಲೇ" ಎಂದರು ಚಿಕ್ಕಮ್ಮ.

ಆಮೇಲೆ ದನಿ ಬದಲಾಯಿತು. ಪೆಟ್ಟಿಗೆ ಭಾರ, ಬಸ್ಸಿಗೆ ಹತ್ತಿಸುವುದು ಯಾರು? ನೀರು ಹೋಗಲು ತೂತು ಎಲ್ಲಿ? ತಟ್ಟೆಯ ಮೀನು ಮಧ್ಯಾಹ್ನಕ್ಕೆ ಮೆತ್ತಗಾದರೆ ಅದನ್ನು ತಿನ್ನುವವರು ಯಾರು, ನಿಮ್ಮ ಮೇಡಮ್ಮಾ? ತಂಗಿ ಒಂದೊಂದನ್ನೂ ಪುಸ್ತಕದಲ್ಲಿ ಬರೆದುಕೊಂಡಳು. ಕೆಲವಕ್ಕೆ ಉತ್ತರ ಕೊಟ್ಟಳು, ಕೆಲವಕ್ಕೆ "ಗೊತ್ತಿಲ್ಲೆ, ಕಲ್ತ್ ಹೇಳ್ತೆ" ಎಂದಳು. ಅವಳು ತಾಯಿಗೆ ಎದುರು ಮಾತಾಡಿದ್ದು ನಾನು ಕಂಡಿದ್ದೆ, ತಾಯಿ ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕಾದದ್ದನ್ನು ಅದೇ ಮೊದಲು ಕಂಡದ್ದು.

ಚಿಕ್ಕಮ್ಮ ಪೆಟ್ಟಿಗೆಯ ಬಂಗಡೆಗಳನ್ನು ನೋಡಿ, "ಇಷ್ಟ್ ಒಳ್ಳೆ ಮೀನ್ ಇಲ್ಲೇ ಬಿಟ್ಟ್ ಹೋಪ್ದಾ?" ಎಂದರು. ಸುತ್ತಲು ಕಾಗದ ಹುಡುಕಿದರು. ಕಾಣಲಿಲ್ಲ. ಚೀಲದಿಂದ ಆರ್ಟ್ಸ್ ಫಾರಂ ಎಳೆದು, ಮೇಜಿನ ಮೇಲೆ ಹಾಸಿ, ಆರು ಬಂಗಡೆ ಇಟ್ಟು ಅಚ್ಚುಕಟ್ಟಾಗಿ ಸುತ್ತಿದರು. ತಂಗಿ ಪುಸ್ತಕ ಹಿಡಿದು ನೋಡುತ್ತ ನಿಂತಿದ್ದಳು.

"ಎಂತ ನಿಂತ್ ಕಾಣ್ತಿದ್ದೆ? ಕುಂದಾಪ್ರದ್ ಫಾರಂ ಇದ್ರೆ ತಕಂಡ್ ಬಾ. ಐದ್ ಗಂಟಿ ಬಸ್ಸಿಗ್ ನಂಗ್ ಹೋಯ್ಕ್."

ಅವಳು ಹಾಸ್ಟೆಲಿಗೆ ಓಡಿದ ವೇಗವನ್ನು ನಾನು ಇಂದಿಗೂ ಅಣಕಿಸಲಾರೆ. ಶಿಬಿರಕ್ಕೆ ಬರುವಾಗಲೇ ಬಟ್ಟೆಯಡಿ ಅಡಗಿಸಿಟ್ಟುಕೊಂಡಿದ್ದ ಫಾರಂ ತಂದು, ಪೆಟ್ಟಿಗೆಯ ಮುಚ್ಚಳದ ಮೇಲೇ ಇಟ್ಟು ತುಂಬತೊಡಗಿದಳು. ಪೆನ್ನು ಅಟೆಂಡರದು. ತಾಯಿಯ ಉದ್ಯೋಗ ಎಂಬ ಕಡೆ ಅವಳು ಬರೆಯುವುದನ್ನು ಚಿಕ್ಕಮ್ಮ ಬಗ್ಗಿ ನೋಡಿದರು.

"ಎಂತ ಬರ್ದೆ?"

"ಮೀನ್ ವ್ಯಾಪಾರ."

"ಅಷ್ಟೇಯಾ?" ಎಂದರು ಚಿಕ್ಕಮ್ಮ, ಮೇಡಂಗೂ ಕೇಳುವ ಹಾಗೆ. "ನಿಮ್ ಪೆಟ್ಟಿಗಿ ತಪ್ಪ್ ಹಿಡ್ದದ್ದ್ ಯಾರ್, ನಾನಲ್ದಾ? ಅದನ್ನೂ ಬರಿ." ಹಾಗೆನ್ನುತ್ತ ಪೆನ್ನು ಕಸಿದುಕೊಂಡು, ಕೆಳಗೆ ಸಹಿಯ ಜಾಗದಲ್ಲಿ, ಒಂದೊಂದೇ ಅಕ್ಷರ ಒತ್ತಿ ಒತ್ತಿ ತಮ್ಮ ಹೆಸರು ಬರೆದರು.